ಕಬ್ಬಿಣ ಭದ್ರಾವತಿಗೇ ಏಕೆ ಬಂತು?

ಮಲೆನಾಡಿನಲ್ಲಿ ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲವೂ ಬೆಳೆಗಾರನ ಅಂಗಳದಲ್ಲೋ ಫಸಲನ್ನು ಗುತ್ತಿಗೆ ಹಿಡಿದ ಚೇಣಿದಾರನ ಅಂಗಳದಲ್ಲೋ, ಅಂತೂ ತೋಟದ ಆಸುಪಾಸಿನಲ್ಲೇ ನಡೆಯುತ್ತದೆ. ಒಂದು ಕ್ವಿಂಟಲ್ ಹಸಿ ಅಡಿಕೆಯಿಂದ ಕೊನೆಗೆ ಸಿಗುವ ಒಣ ಅಡಿಕೆ 15 ಕಿಲೋ ಮುಟ್ಟುವುದೂ ಕಷ್ಟ. ಉಳಿದದ್ದು ಸಿಪ್ಪೆ ಮತ್ತು ನೀರು. ಅವೆರಡಕ್ಕೂ ಲಾರಿ ಬಾಡಿಗೆ ತೆತ್ತು ಶಿವಮೊಗ್ಗದ ಮಂಡಿಯವರೆಗೆ ಹೊರುವುದರಲ್ಲಿ ಅರ್ಥವಿಲ್ಲ. 1909ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೆಬರ್ ಕೈಗಾರಿಕೆಗಳ ನೆಲೆಯ ಬಗ್ಗೆ ಮಂಡಿಸಿದ ಸಿದ್ಧಾಂತದ ತಿರುಳು ಕೂಡ ಇದೇ ಲೆಕ್ಕಾಚಾರ. ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ಕಚ್ಚಾ ಸಾಮಗ್ರಿ ಕಾರ್ಖಾನೆಯನ್ನು ತನ್ನತ್ತ ಎಳೆಯುತ್ತದೆ. ಹೆಚ್ಚು ತೂಕ ಕಳೆದುಕೊಳ್ಳುವ ಸಾಮಗ್ರಿಯ ಸೆಳೆತವೂ ಹೆಚ್ಚು.

ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ನೆಲೆಯೂರಿದ್ದಕ್ಕೆ ಕಾರಣ ಕೇಳಿದರೆ ಹೆಚ್ಚಿನವರು ಕೆಮ್ಮಣ್ಣುಗುಂಡಿಯ ಅದಿರಿನತ್ತ ಬೆರಳು ತೋರುತ್ತಾರೆ. ಅದು ಅರ್ಧ ಉತ್ತರ ಮಾತ್ರ. ಶೇಕಡಾ 60ರಷ್ಟು ಕಬ್ಬಿಣವಿರುವ ಅದಿರಾದರೆ ಒಂದು ಟನ್ ಬೀಡು ಕಬ್ಬಿಣಕ್ಕೆ (ಅದಿರು ಕರಗಿಸಿ ಮೊದಲು ತೆಗೆಯುವ ಕಬ್ಬಿಣ) ಒಂದೂವರೆ ಟನ್ನಿಗಿಂತ ತುಸು ಹೆಚ್ಚು ಸಾಕು. ಉರುವಲಿನ ಲೆಕ್ಕ ಇದಕ್ಕಿಂತ ದೊಡ್ಡದು. ಕುಲುಮೆಗೆ ಒಗ್ಗುವ ಕೋಕಿಂಗ್ ಕಲ್ಲಿದ್ದಲು ದೂರದ ಬಂಗಾಳ–ಬಿಹಾರದ ಕಡೆ ಇದ್ದುದರಿಂದ ಮೈಸೂರು ಸಂಸ್ಥಾನ ಇದ್ದಿಲನ್ನೇ ನೆಚ್ಚಬೇಕಾಯಿತು. ಒಂದು ಟನ್ ಬೀಡು ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು, ಅಷ್ಟು ಇದ್ದಿಲಿಗೆ ನಾಲ್ಕೈದು ಟನ್ ಕಟ್ಟಿಗೆ ಬೇಕು. ಹೀಗಾಗಿ ಕಾರ್ಖಾನೆಯನ್ನು ಭದ್ರೆಯ ದಡಕ್ಕೆ ಎಳೆದ ಬಲವಾದ ಶಕ್ತಿ ಕಾಡು ಎಂಬುದು ನನ್ನ ಎಣಿಕೆ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಈ ಯೋಜನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. ಅದಿರು ಬೆಟ್ಟದಿಂದ ರೋಪ್‌ವೇಯಲ್ಲಿ ಇಳಿದು ಬಂದರೆ, ಕಟ್ಟಿಗೆ ಟ್ರಾಂ ಹಳಿಗಳ ಮೇಲೆ ಕಾಡಿನ ಒಳಗಿನಿಂದ ಬರುತ್ತಿತ್ತು. ಮರವನ್ನು ಬಯಲಲ್ಲಿ ಸುಡದೆ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಹೊರಬಂದ ಆವಿಯಿಂದ ಮೆಥನಾಲ್, ಅಸಿಟೇಟ್, ಟಾರು ತೆಗೆಯುವ ಘಟಕವನ್ನೂ ಅಲ್ಲಿ ಕಟ್ಟಲಾಯಿತು. ಮಾರಲು ಬರುವ ವಸ್ತು ಹೊಗೆಯಾಗಿ ಹೋಗಬಾರದೆಂಬ ಆ ಎಚ್ಚರ ನನಗೆ ಇಂದಿಗೂ ಗೌರವ ಹುಟ್ಟಿಸುತ್ತದೆ. ಆದರೆ ಕಡಿದ ಕಾಡು ಮತ್ತೆ ಬೆಳೆಯಲು ಹಿಡಿಯುವ ಕಾಲವನ್ನು ಕಬ್ಬಿಣದ ಬೆಲೆಯಲ್ಲಿ ಸೇರಿಸಿಕೊಳ್ಳುವ ಲೆಕ್ಕ ಆಗ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಕುದುರೆಮುಖದ್ದು ಬೇರೆಯೇ ಕಥೆ. ಅಲ್ಲಿನ ಅದಿರು ಕೀಳು ದರ್ಜೆಯದಾದ್ದರಿಂದ ಅದನ್ನು ಗಣಿಯ ಬಳಿಯೇ ಅರೆದು, ಕಲ್ಲಿನ ಅಂಶ ಬೇರ್ಪಡಿಸಿ, ಉಳಿದ ಸಾಂದ್ರ ಅದಿರನ್ನು ನೀರಿನೊಡನೆ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಲಾಗುತ್ತಿತ್ತು. ತೂಕ ಕಳೆಯುವ ಕೆಲಸ ಘಟ್ಟದ ಮೇಲೆ, ಹಡಗಿಗೆ ತುಂಬುವ ಕೆಲಸ ಕಡಲ ತೀರದಲ್ಲಿ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು.

ಭದ್ರಾವತಿಯ ಕಾರ್ಖಾನೆ ಮಾತ್ರ ತನ್ನ ಮೂಲ ಕಾರಣಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತ ಬಂತು. ಜೋಗದ ವಿದ್ಯುತ್ ದೊರೆತ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು, ಮುಂದೆ ಹೊರಗಿನಿಂದ ತರಿಸುವ ಕೋಕ್ (ಕಲ್ಲಿದ್ದಲನ್ನು ಕಾಯಿಸಿ ಮಾಡುವ ಉರುವಲು) ಬಂತು. ಆಗ ಕಾಡಿನ ಹತ್ತಿರ ಇರುವುದರಿಂದ ಯಾವ ಉಳಿತಾಯವೂ ಉಳಿಯಲಿಲ್ಲ. ಬದಲಿಗೆ ಬಂದರಿನಿಂದ ಘಟ್ಟ ಹತ್ತಿಸುವ ಖರ್ಚು ಮೈಮೇಲೆ ಬಿತ್ತು. 1950ರ ದಶಕದಲ್ಲೇ ಕೇಂದ್ರ ಸರ್ಕಾರ ಜಾರಿಗೆ ತಂದ ಸರಕು ಸಾಗಣೆ ದರ ಸಮೀಕರಣ ನೀತಿ ದೇಶದ ಎಲ್ಲ ರೈಲು ನಿಲ್ದಾಣಗಳಲ್ಲೂ ಉಕ್ಕನ್ನು ಒಂದೇ ಬೆಲೆಗೆ ಸಿಗುವಂತೆ ಮಾಡಿತು. ಗಣಿಗಳಿದ್ದ ಬಿಹಾರ, ಒಡಿಶಾಗಳಿಗೆ ಅದರಿಂದಾದ ನಷ್ಟದ ಚರ್ಚೆ ಬಹಳ ನಡೆದಿದೆ. ನಮ್ಮ ಕಡೆಯ ಒಂದು ಪರಿಣಾಮದ ಬಗ್ಗೆ ಮಾತು ಕಡಿಮೆ: ಜಮ್‌ಶೆಡ್‌ಪುರದ ಉಕ್ಕು ಬೆಂಗಳೂರಿಗೆ ದೂರದ ಬಾಡಿಗೆಯ ಹೊರೆಯಿಲ್ಲದೆ ಬಂದಿಳಿದರೆ, ಭದ್ರಾವತಿಯು ಬೆಂಗಳೂರಿಗೆ ಹತ್ತಿರವಿದ್ದು ಪ್ರಯೋಜನವೇನು? ದೂರವನ್ನು ಆದೇಶದಿಂದ ಅಳಿಸಲು ಹೋದ ಆ ನೀತಿ 1990ರ ದಶಕದ ಆರಂಭದಲ್ಲಿ ಕೊನೆಗೊಂಡಿತು. 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆಯಾದ ಸೇಲ್‌ನಲ್ಲಿ ವಿಲೀನವಾದ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ಆ ಸಂಸ್ಥೆಯ ಆಡಳಿತ ಮಂಡಳಿ ಒಪ್ಪಿತು. ಕಾರ್ಮಿಕರು ಬೀದಿಗಿಳಿದರು. ಅವರ ನೋವು ನ್ಯಾಯವಾದದ್ದು, ಏಕೆಂದರೆ ನೆಲೆಯ ಲೆಕ್ಕ ತಪ್ಪಿದ್ದರಲ್ಲಿ ಅವರ ಪಾಲು ಏನೂ ಇರಲಿಲ್ಲ.

ಹಾಗಾದರೆ ಲೋಹದ ಕೆಲಸ ಈ ಜಿಲ್ಲೆಯಲ್ಲಿ ಮುಗಿಯಿತೇ ಎಂದರೆ, ಇಲ್ಲ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಮತ್ತು ಶಿವಮೊಗ್ಗದ ಸುತ್ತಲಿನ ಫೌಂಡ್ರಿಗಳಲ್ಲಿ ವಾಹನಗಳಿಗೆ ಬೇಕಾದ ಎರಕದ ಭಾಗಗಳು ಇಂದಿಗೂ ತಯಾರಾಗುತ್ತಿವೆ. ಒದ್ದೆ ಮರಳಿಗೆ ಜೇಡಿ ಬೆರೆಸಿ ಪ್ಯಾಟರ್ನ್ (ಭಾಗದ ಆಕಾರದ ಮಾದರಿ) ಸುತ್ತ ಗಿಡಿದು ಅಚ್ಚು ಮಾಡುವುದು, ಕರಗಿದ ಲೋಹವನ್ನು ತಡವರಿಸದೆ ಒಂದೇ ಧಾರೆಯಲ್ಲಿ ಹೊಯ್ಯುವುದು, ತಣಿದ ಮೇಲೆ ಅಂಚು ತೀಡುವುದು, ಇವೆಲ್ಲ ಪಕ್ಕದಲ್ಲಿ ನಿಂತು ಕಲಿಯಬೇಕಾದ ಕೆಲಸಗಳು. ಮರಳಿನ ಹದವನ್ನು ಮುಷ್ಟಿಯಲ್ಲಿ ಹಿಸುಕಿಯೇ ಹೇಳುವ ಕೆಲಸಗಾರ ಸಿಗುವ ಊರಿಗೆ ಇನ್ನೊಂದು ಫೌಂಡ್ರಿ ಬರುತ್ತದೆ, ಅದರ ಹಿಂದೆಯೇ ಪ್ಯಾಟರ್ನ್ ಮಾಡುವವರು, ಮೆಷಿನಿಂಗ್ ಶಾಪಿನವರು ಬರುತ್ತಾರೆ. ಒಂದೇ ಬಗೆಯ ಉದ್ಯಮಗಳು ಒಟ್ಟಿಗೆ ನೆಲೆಸುವುದರಿಂದ ಸಿಗುವ ಈ ಲಾಭ ಅದಿರಿನಂತೆ ಬರಿದಾಗುವುದಿಲ್ಲ.

ಸರ್ಕಾರದ ನೀತಿ ಇನ್ನೂ ಬಹುಮಟ್ಟಿಗೆ ನಕ್ಷೆಯ ಮೇಲೆ ಗೆರೆ ಎಳೆಯುವುದರಲ್ಲೇ ಇದೆ. ಕರ್ನಾಟಕದ 2020–25ರ ಕೈಗಾರಿಕಾ ನೀತಿ ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಿ ಬೆಂಗಳೂರಿನ ಹೊರಗೆ ಬಂಡವಾಳ ಹೂಡುವವರಿಗೆ ಉತ್ತೇಜನ ಕೊಟ್ಟಿತು. ಆ ಉದ್ದೇಶ ಸರಿಯೇ. ಆದರೆ ಸಹಾಯಧನ ಆರಂಭದ ಕೆಲವು ವರ್ಷಗಳ ಖರ್ಚನ್ನು ತಗ್ಗಿಸುತ್ತದೆ, ದಿನನಿತ್ಯದ ಖರ್ಚನ್ನಲ್ಲ. ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ವಿದ್ಯುತ್ ಬೇಕು. ಯೂನಿಟ್ಟಿಗೆ ಒಂದು ರೂಪಾಯಿ ಏರಿದರೆ ಟನ್ನಿಗೆ 600 ರೂಪಾಯಿ ಹೆಚ್ಚಿತು. ಕರಗಿಸುವಾಗ ನಡುವೆ ಕರೆಂಟು ಹೋದರೆ ಲೋಹ ಕುಲುಮೆಯಲ್ಲೇ ಗಟ್ಟಿಯಾಗುವ ಭಯ ಬೇರೆ. ಆದ್ದರಿಂದ ಶಿವಮೊಗ್ಗದ ಮಟ್ಟಿಗೆ ಒಳ್ಳೆಯ ಕೈಗಾರಿಕಾ ನೀತಿಯೆಂದರೆ ಕಡಿತವಿಲ್ಲದ ವಿದ್ಯುತ್ತು, ಸಣ್ಣ ಫೌಂಡ್ರಿಗಳೆಲ್ಲ ಸೇರಿ ಬಳಸಬಹುದಾದ ಲೋಹ ಪರೀಕ್ಷಾ ಪ್ರಯೋಗಾಲಯ, ಬಳಸಿದ ಮರಳನ್ನು ಶುದ್ಧಮಾಡಿ ಮತ್ತೆ ಉಪಯೋಗಿಸುವ ಘಟಕ, ಮತ್ತು ಐಟಿಐ ಮುಗಿಸಿದ ಹುಡುಗ ಹುಡುಗಿಯರನ್ನು ಇಲ್ಲಿನ ಹಳೆಯ ಕೆಲಸಗಾರರ ಕೈಕೆಳಗೆ ಸಂಬಳ ಕೊಟ್ಟು ಕಲಿಸುವ ಏರ್ಪಾಡು. ಈ ಕೊನೆಯದಕ್ಕೆ ಮಾತ್ರ ಕಾಲದ ಮಿತಿಯಿದೆ, ಕಲಿಸಬಲ್ಲವರು ನಿವೃತ್ತರಾಗುತ್ತಿದ್ದಾರೆ.