ಕಾಡಿನ ಬೆಂಕಿ ಆರಿಸುವುದು ಡಿಸೆಂಬರಿನಲ್ಲಿ

ಮಾರ್ಚ್ ಬಂತೆಂದರೆ ಫೋನ್ ಶುರು. "ಸಾರ್, ಶಿವಮೊಗ್ಗದ ಶೆಟ್ಟಿಹಳ್ಳಿ ಕಡೆ ಗುಡ್ಡ ಉರೀತಿದೆಯಂತೆ, ನಿಮ್ಮ ಅರಣ್ಯ ಇಲಾಖೆಯವರು ಏನ್ ಮಾಡ್ತಿದಾರೆ?" ಕೇಳುವುದು ತಪ್ಪಲ್ಲ. ಇದನ್ನೇ ಡಿಸೆಂಬರಿನಲ್ಲಿ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು.

ಮಳೆ ನಿಂತು ಹುಲ್ಲು ಹಳದಿ ತಿರುಗುವ ಹೊತ್ತಿಗೆ ಗಾರ್ಡ್‌ಗಳು ನೋಡಿಕೊಳ್ಳುವ ಬೀಟುಗಳಲ್ಲಿ ಫೈರ್ ಲೈನ್, ಅಂದರೆ ಬೆಂಕಿ ದಾಟದಂತೆ ಚೊಕ್ಕ ಮಾಡುವ ಪಟ್ಟಿಯ ಕೆಲಸ ಹಿಡಿಯಬೇಕು. ರಸ್ತೆ ಬದಿ, ಊರಿನ ಗಡಿ, ದನ ಓಡಾಡುವ ಕಾಲುದಾರಿ, ಹೀಗೆ ಬೆಂಕಿ ಎಲ್ಲಿಂದ ಒಳಗೆ ನುಗ್ಗುತ್ತದೆ ಅಂತ ಗಾರ್ಡ್‌ಗೆ ಗೊತ್ತಿರುತ್ತದೆ. ಮೊದಲು ಪೊದೆ, ಹುಲ್ಲು ಕಡಿದು ಅಲ್ಲೇ ಒಣಗಲು ಬಿಡುತ್ತಾರೆ. ಆಮೇಲೆ ಪಟ್ಟಿಯ ಎರಡೂ ಅಂಚನ್ನು ಮಣ್ಣು ಕಾಣುವ ಹಾಗೆ ಕೆರೆದು, ನಡುವೆ ಇರುವುದನ್ನು ಸುಡುತ್ತಾರೆ. ಅದಕ್ಕೆ ಗಾಳಿ ಇರಬಾರದು, ಇಬ್ಬನಿ ಪೂರ್ತಿ ಆರಿರಬಾರದು. ಅಂಚು ದಾಟಿದ ಬೆಂಕಿಯನ್ನು ಹಸಿ ಸೊಪ್ಪಿನ ಕೊಂಬೆಯಿಂದ ಒತ್ತಬೇಕು. ಹೊಸಬರು ಗಾಬರಿಯಲ್ಲಿ ಬಡಿಯುತ್ತಾರೆ. ಕಿಡಿ ಹಾರಿ ಇನ್ನೊಂದು ಕಡೆ ಹತ್ತಿಕೊಳ್ಳುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಸಾಗುವಾನಿ ನೆಡುತೋಪಿನಲ್ಲಿ ಬೇಸಿಗೆ ಶುರುವಾಗುವಾಗ ಎಲೆ ಉದುರಿ, ಚೊಕ್ಕ ಮಾಡಿದ ಪಟ್ಟಿಯ ಮೇಲೇ ಹಪ್ಪಳ ಹರವಿದ ಹಾಗೆ ಬೀಳುತ್ತದೆ. ಮತ್ತೆ ಗುಡಿಸಬೇಕು. ಈಗೀಗ ಎಲೆ ಊದುವ ಬ್ಲೋವರ್ ಬಂದು ಕೆಲಸ ಹಗುರಾಗಿದೆ. ಗುಡಿಸದೆ ಬಿಟ್ಟ ಫೈರ್ ಲೈನ್ ಕಡತದಲ್ಲಿ ಮಾತ್ರ ಇರುತ್ತದೆ. ಕೂಲಿಯ ಹಣ ತಡವಾಗಿ ಬಂದ ವರ್ಷ ಆಗುವುದೂ ಇದೇ.

ಶೆಟ್ಟಿಹಳ್ಳಿ 1974ರಲ್ಲಿ ಅಭಯಾರಣ್ಯವಾಯಿತು. ಸುಮಾರು 395 ಚದರ ಕಿಲೋಮೀಟರ್. ಪೂರ್ವದ ಕಡೆ ಎಲೆ ಉದುರಿಸುವ ಕಾಡು, ಪಶ್ಚಿಮಕ್ಕೆ ಹೋದ ಹಾಗೆ ಹಸಿರು ಜಾಸ್ತಿ. ಬೆಂಕಿಯ ಕಾಟ ಹೆಚ್ಚಾಗಿ ಪೂರ್ವಕ್ಕೆ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ನಿತ್ಯಹರಿದ್ವರ್ಣ ಕಾಡಿನಲ್ಲಿ ನೆಲ ತೇವ ಇರುವುದರಿಂದ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಅಲ್ಲಿನ ಚಿಂತೆ ಬೇರೆ: ಮರದಿಂದ ಮರಕ್ಕೆ ಹೋಗುವ ಸಿಂಗಳೀಕಕ್ಕೆ ಮೇಲಿನ ಕೊಂಬೆಗಳ ದಾರಿ ಕಡಿಯಬಾರದು.

ಬೆಂಕಿ ಬಿದ್ದರೆ ಜಿಂಕೆ, ಕಾಟಿ (ಕಾಡುಕೋಣ) ಓಡಿ ಪಾರಾಗುತ್ತವೆ. ಕಾಡುಕೋಳಿ ನೆಲದಲ್ಲಿ ಮೊಟ್ಟೆ ಇಡುವುದೂ ಇದೇ ಬೇಸಿಗೆಯಲ್ಲಿ. ಅದು ಎಲ್ಲಿಗೆ ಓಡಬೇಕು? ದೊಡ್ಡ ಮತ್ತಿ ಮರಕ್ಕೆ ದಪ್ಪ ತೊಗಟೆ ಇದೆ, ತಡೆಯುತ್ತದೆ. ಅದರ ಬುಡದ ಸಸಿಗಳು ಹೋಗುತ್ತವೆ. ಸುಟ್ಟ ಜಾಗಕ್ಕೆ ಮೊದಲು ಬರುವುದು ಲಂಟಾನ ಪೊದೆ, ಮುಂದಿನ ಬೇಸಿಗೆಗೆ ಅದೇ ಸೌದೆ.

ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ನಮ್ಮ ಕಡೆಯ ಬೆಂಕಿಯೆಲ್ಲ ಹೆಚ್ಚುಕಮ್ಮಿ ಮನುಷ್ಯರದ್ದೇ. ಸೇದಿ ಎಸೆದ ಬೀಡಿ, ಜೇನು ಕೀಳಲು ಹಾಕಿದ ಹೊಗೆ, ಹೊಸ ಹುಲ್ಲು ಚಿಗುರಲಿ ಅನ್ನುವ ಆಸೆ, ಕೆಲವು ಸಲ ಇಲಾಖೆಯ ಮೇಲಿನ ಸಿಟ್ಟು. 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಆದರೆ ಕಡ್ಡಿ ಗೀರಿದ್ದನ್ನು ಕಂಡವರು ಸಿಗಬೇಕಲ್ಲ?

ಬೆಂಕಿ ಪತ್ತೆಗೆ ಉಪಗ್ರಹ ಇದೆ ಅಲ್ವಾ ಅನ್ನುತ್ತಾರೆ. ಇದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಿಂದ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಬರುತ್ತದೆ. ಆದರೆ ಆ ಉಪಗ್ರಹಗಳು ನಮ್ಮ ತಲೆ ಮೇಲೆ ಹಾಯುವುದು ದಿನಕ್ಕೆ ಕೆಲವೇ ಸಲ. ಹೊಗೆ ಮೊದಲು ಕಾಣುವುದು ಕಾಡಂಚಿನ ಮನೆಯವರಿಗೆ.

ಶೆಟ್ಟಿಹಳ್ಳಿಯ ಒಳಗೆ 1960ರ ದಶಕದಲ್ಲಿ ಶರಾವತಿ ಅಣೆಕಟ್ಟಿನ ಮುಳುಗಡೆಯಿಂದ ಬಂದವರ ಊರುಗಳಿವೆ. ಅಂದರೆ ಅವರು ಬಂದ ಮೇಲೆ ಅಭಯಾರಣ್ಯ ಬಂತು. ಜಾಗದ ದಾಖಲೆಗೆ ಇನ್ನೂ ಅಲೆಯುತ್ತಿರುವವರಿಗೆ "ಬೆಂಕಿ ಬಿದ್ದರೆ ಓಡಿ ಬನ್ನಿ" ಅನ್ನಲು ನನಗಂತೂ ನಾಚಿಕೆಯಾಗುತ್ತದೆ. ಆದರೂ ಬರುತ್ತಾರೆ. ಹಾಗಾಗಿ ಬೆಂಕಿ ಕಾಯುವ ಫೈರ್ ವಾಚರ್‌ಗಳನ್ನು ಅದೇ ಊರುಗಳಿಂದ ತೆಗೆದುಕೊಳ್ಳಬೇಕು, ಕೂಲಿ ತಡ ಮಾಡಬಾರದು ಅನ್ನುವುದು ನನ್ನ ಹಟ.

ನೀವು ದಾರಿಯಲ್ಲಿ ಹೋಗುವಾಗ ಹೊಗೆ ಕಂಡರೆ ಸುಮ್ನೆ ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಹತ್ತಿರದ ಊರು, ಕಿಲೋಮೀಟರ್ ಕಲ್ಲಿನ ಸಂಖ್ಯೆ, ರಸ್ತೆಯ ಯಾವ ಬದಿ, ಗಾಳಿ ಯಾವ ಕಡೆಗೆ ಬೀಸುತ್ತಿದೆ, ಇಷ್ಟು ಹೇಳಿದರೆ ಸಾಕು.