ಹೊಳೆ ಬದಿಯ ಅಂಗಳಕ್ಕೆ ಇಂಟರ್‌ಲಾಕ್: ಅನುಮತಿ ಬೇಕಾ, ಬೇಡ್ವಾ?

ಪ್ರಶ್ನೆ: ಕುಶಾಲನಗರದ ಹತ್ತಿರ ಕಾವೇರಿ ಪಕ್ಕ ನಮ್ಮ 25 ಸೆಂಟ್ ಜಾಗವಿದೆ. ಕಮರ್ಷಿಯಲ್ ಕನ್ವರ್ಷನ್ ಆಗಿದೆ. ಹೋಟೆಲಿನ ಹಿಂದೆ ಹೊಳೆವರೆಗೂ ಇಂಟರ್‌ಲಾಕ್ ಹಾಕಿಸಿ ಪಾರ್ಕಿಂಗ್ ಮಾಡಬೇಕು. ಹೊಳೆ ಬದಿ ಖಾಲಿ ಬಿಡಬೇಕಾದ ಬಫರ್ ಜಾಗಕ್ಕೆ ರಿಯಾಯಿತಿ ಸಿಗುತ್ತದಾ? ಇಂಟರ್‌ಲಾಕ್‌ನಲ್ಲಿ ನೀರು ಇಂಗುತ್ತದೆ, ಅನುಮತಿಯೇ ಬೇಡ ಅನ್ನುತ್ತಾರೆ ಮೇಸ್ತ್ರಿ.

ಉತ್ತರ: ಮಳೆಗಾಲಕ್ಕೆ ಮುಂಚೆ ಈ ಪ್ರಶ್ನೆ ಬಂದೇ ಬರುತ್ತದೆ. ಮೇಸ್ತ್ರಿಯ ಮಾತೂ ಜೊತೆಗೇ ಬರುತ್ತದೆ.

ಕನ್ವರ್ಷನ್ ವಿಷಯ ಬೇಗ ಮುಗಿಸುತ್ತೇನೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್‌ನಲ್ಲಿ ಸಿಕ್ಕಿದ್ದು ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸುವ ಒಪ್ಪಿಗೆ ಮಾತ್ರ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡುವ ಜಾಗ), ಬಫರ್ ಎಲ್ಲ ಮಾಸ್ಟರ್ ಪ್ಲಾನಿನ ವಲಯ ನಿಯಮದಲ್ಲಿವೆ, ಅವು ಹಾಗೇ ಇರುತ್ತವೆ. ಕವರೇಜ್, ಅಂದರೆ ಜಾಗದ ಎಷ್ಟು ಪಾಲಿನಲ್ಲಿ ಕಟ್ಟಬಹುದು ಅನ್ನುವ ಲೆಕ್ಕಕ್ಕೆ ಬರುವುದು ಕಟ್ಟಡ ಕೂತ ಜಾಗ, ಅಂಗಳ ಅಲ್ಲ. ಇದನ್ನೇ ಹಿಡಿದುಕೊಂಡು ಅಂಗಳದಲ್ಲಿ ಏನು ಬೇಕಾದರೂ ಮಾಡಬಹುದು ಅಂದುಕೊಳ್ಳುತ್ತಾರೆ. ಹೊಳೆಗೆ ಬಿಟ್ಟ ಬಫರ್ ಲೆಕ್ಕ ಬೇರೆ. ರಿಯಾಯಿತಿ ಬೇಕಿದ್ದರೆ ಯೋಜನಾ ಪ್ರಾಧಿಕಾರಕ್ಕೆ ಸರ್ವೆ ಸ್ಕೆಚ್ ಸಮೇತ ಅರ್ಜಿ ಕೊಟ್ಟು ಕೇಳಿ. ಪಂಚಾಯಿತಿ ಮೆಂಬರು ಬಾಯಲ್ಲಿ ಹೇಳಿದ 'ಆಗ್ತದೆ' ಲೆಕ್ಕಕ್ಕಿಲ್ಲ. 'ಗಾಡಿ ನಿಲ್ಲಿಸಲು ಜಾಗ ಸಾಲದು' ಅನ್ನುವುದು ದೊಡ್ಡ ಕಾರಣವೂ ಅಲ್ಲ.

ಈಗ ಇಂಟರ್‌ಲಾಕ್. ಅದರಲ್ಲಿ ನೀರು ಇಂಗುವುದಿಲ್ಲ. ಎಷ್ಟು ಸಲ ಬರೆದರೂ ಈ ನಂಬಿಕೆ ಹೋಗುತ್ತಿಲ್ಲ, ಇನ್ನೊಂದು ಸಲ ಬರೆಯುತ್ತೇನೆ.

ಬ್ಲಾಕ್ ಅಂದರೆ ಗಟ್ಟಿ ಕಾಂಕ್ರೀಟ್. ನೀರಿಗೆ ದಾರಿ ಇರುವುದು ಸಂದಿಯಲ್ಲಿ ಮಾತ್ರ. ಸಂದಿ ಎಷ್ಟಿರುತ್ತದೆ? ಕೆಲವೇ ಮಿಲಿಮೀಟರ್. ಅದಕ್ಕೂ ಎಂ ಸ್ಯಾಂಡ್ ತುಂಬಿಸುತ್ತಾರೆ. ಅಡಿಯಲ್ಲಿ ಕ್ರಷರ್ ಪುಡಿ, ಅದರ ಕೆಳಗೆ ಜಲ್ಲಿ, ಪುಡಿಗೆ ನೀರು ಬೆರೆಸಿ ರೋಲರ್ ಹೊಡೆದ ವೆಟ್‌ಮಿಕ್ಸ್. ರೋಲರ್ ಹೊಡೆಯುವುದೇ ಸಂದಿ ಉಳಿಯಬಾರದು ಅಂತ ಅಲ್ವಾ? ಮೊದಲ ವರ್ಷ ಸ್ವಲ್ಪ ನೀರು ಇಳಿದೀತು. ಆಮೇಲೆ ಟಯರಿನ ಕೆಸರು, ಎಲೆ ಪುಡಿ, ಪಾಚಿ ಸೇರಿ ಅದೂ ಮುಚ್ಚುತ್ತದೆ. ನಂಬಿಕೆ ಇಲ್ಲದಿದ್ದರೆ ಜುಲೈಯಲ್ಲಿ ಯಾವುದಾದರೂ ಇಂಟರ್‌ಲಾಕ್ ಅಂಗಳದ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತು ನೋಡಿ.

ನಿಜವಾಗಿ ಇಂಗಿಸುವ ಪೇವರ್‌ಗಳೂ ಇವೆ. ಅವುಗಳ ಸಂದಿ ಅಗಲ, ತುಂಬುವುದು ಸಣ್ಣ ಜಲ್ಲಿ, ಅಡಿಯಲ್ಲಿ ಪುಡಿ ಇಲ್ಲದ ದಪ್ಪ ಜಲ್ಲಿ. ಅಂಥ ಒಂದು ಅಡಿ ಜಲ್ಲಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಖಾಲಿ ಇರುತ್ತದೆ. ಅಂದರೆ ಸುಮಾರು 100 ಮಿಲಿಮೀಟರ್ ಮಳೆ ಹಿಡಿಯುತ್ತದೆ. ನಿಮ್ಮ 25 ಸೆಂಟ್ ಸುಮಾರು 1,000 ಚದರ ಮೀಟರ್, ಅಷ್ಟು ಮಳೆಗೆ ಬೀಳುವುದು 1 ಲಕ್ಷ ಲೀಟರ್. ಖರ್ಚು ಜಾಸ್ತಿ, ಕೆಸರು ತೆಗೆಯುತ್ತಲೇ ಇರಬೇಕು. ಆದರೂ ಹೊಳೆಯಿಂದ ದೂರದ ಮುಂದಿನ ಅಂಗಳಕ್ಕೆ ಒಳ್ಳೆಯದೇ.

ಹೊಳೆ ಅಂಚಿಗೆ ಅದೂ ನಡೆಯುವುದಿಲ್ಲ. ಕುಶಾಲನಗರದಲ್ಲಿ ಮಳೆ ಕಡಿಮೆ, ಹೊಳೆ ತುಂಬುವುದು ಭಾಗಮಂಡಲ, ಮಡಿಕೇರಿ ಕಡೆಯ ಮಳೆಗೆ. ಹೊಳೆ ಏರಿದಾಗ ದಡದ ಮಣ್ಣಲ್ಲೂ ನೀರು ಮೇಲೆ ಬಂದಿರುತ್ತದೆ. ಜಲ್ಲಿ ಹಿಡಿದ ನೀರು ಕೆಳಗೆ ಎಲ್ಲಿಗೆ ಹೋಗಬೇಕು? 2018, 2019ರ ಆಗಸ್ಟ್‌ನಲ್ಲಿ ಇಲ್ಲಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಳೆ ಅಂಚಿನ ಆ ಜಾಗದಲ್ಲಿ ಹುಲ್ಲು, ಬಿದಿರು ಇರಲಿ.

ನೀವು ಕೇಳಲಿಲ್ಲ, ಆದರೆ ಮೇಸ್ತ್ರಿಯ ಮುಂದಿನ ಐಡಿಯಾ ತಡೆಗೋಡೆ ಆಗಿರುತ್ತದೆ. ಬರೆ (ಕಡಿದಾದ ಮಣ್ಣಿನ ದಿಣ್ಣೆ) ಜರಿಯದಂತೆ ರಸ್ತೆ ಬದಿ ಕಟ್ಟುವ ಗೋಡೆ ಬೇರೆ, ಹೊಳೆ ನೀರನ್ನು ತಳ್ಳುವ ಗೋಡೆ ಬೇರೆ. ಗೋಡೆ ಕಟ್ಟಿದ ಮಾತ್ರಕ್ಕೆ ನೀರು ಕಡಿಮೆ ಆಗುವುದಿಲ್ಲ, ಎದುರು ದಡಕ್ಕೋ ಪಕ್ಕದ ತೋಟಕ್ಕೋ ಹೋಗುತ್ತದೆ. ನಿಮ್ಮ ಎದುರು ದಡ ಕೊಪ್ಪ, ಮೈಸೂರು ಜಿಲ್ಲೆ. ತಕರಾರು ಬಂದರೆ ಎರಡು ಜಿಲ್ಲೆಯ ಆಫೀಸು ಅಲೆಯಬೇಕು. ಗೋಡೆಯ ಪಾಯ ಬಿ ಖರಾಬಿನಲ್ಲಿ (ಹೊಳೆ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಬಿದ್ದರಂತೂ ಅದು ಸರ್ಕಾರಿ ಜಾಗ, ನಿಮ್ಮ ಕನ್ವರ್ಷನ್ ಆರ್ಡರ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಟೈಲ್ಸ್‌ಗೆ ಅಡ್ವಾನ್ಸ್ ಕೊಡುವ ಮೊದಲು ಸರ್ವೆಯರ್ ಕರೆಸಿ, ಖರಾಬಿನ ಗಡಿಗೆ ಕಲ್ಲು ಹಾಕಿಸಿಕೊಳ್ಳಿ.