ಸರ್ವೈವಲ್ ಏರಿತು, ಸಾವು ಇಳಿಯಲಿಲ್ಲ: ಸ್ಕ್ರೀನಿಂಗ್ ಲೆಕ್ಕದ ಟಿಪ್ಪಣಿ

"ಸ್ಕ್ರೀನಿಂಗ್ (ಲಕ್ಷಣವಿಲ್ಲದವರಲ್ಲೂ ರೋಗ ಹುಡುಕುವ ತಪಾಸಣೆ) ಶುರುವಾದ ಮೇಲೆ ಒಂದು ಕ್ಯಾನ್ಸರಿನ ಐದು ವರ್ಷದ ಸರ್ವೈವಲ್ (ಪತ್ತೆಯಾದ ಮೇಲೆ ಐದು ವರ್ಷ ಬದುಕಿದವರ ಪಾಲು) ಶೇ. 40ರಿಂದ ಶೇ. 80ಕ್ಕೆ ಏರಿತು. ಸ್ಕ್ರೀನಿಂಗ್ ಜೀವ ಉಳಿಸಿತೇ?" ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೀಗೆ ಕೇಳಿದರೆ ಹೌದು ಅನ್ನಲು ಮನಸ್ಸಾಗುತ್ತದೆ. ಆದರೆ ಇಷ್ಟೇ ಮಾಹಿತಿಯಿಂದ ಏನೂ ಹೇಳಲಾಗದು.

ಮೊದಲು ಛೇದ ನೋಡಿ. ಸರ್ವೈವಲ್‌ನ ಛೇದದಲ್ಲಿ ಇರುವವರು ರೋಗ ಪತ್ತೆಯಾದವರು ಮಾತ್ರ. ಮರಣ ದರದ ಛೇದದಲ್ಲಿ ಇಡೀ ಜನಸಂಖ್ಯೆ ಇರುತ್ತದೆ. ಹೆಚ್ಚು ಹುಡುಕಿದರೆ ಮೊದಲ ಛೇದ ಹಿಗ್ಗುತ್ತದೆ, ಎರಡನೆಯದು ಅಲುಗುವುದಿಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಸರ್ವೈವಲ್ ಲೆಕ್ಕ ದಾರಿ ತಪ್ಪಿಸುವ ಬಗೆಗಳು, ಅಂದರೆ ಬಯಾಸ್‌ಗಳು, ಮೂರು. ಲೀಡ್ ಟೈಮ್ ಬಯಾಸ್, ಅಂದರೆ ಬೇಗ ಪತ್ತೆಯಾದಷ್ಟೇ ಕಾಲ ಬದುಕು ಉದ್ದವಾದಂತೆ ಕಾಣುವುದು, ಸುಲಭ. ಒಬ್ಬರಿಗೆ 67ನೇ ವಯಸ್ಸಿಗೆ ಲಕ್ಷಣ ಕಾಣಿಸಿ 70ಕ್ಕೆ ತೀರಿಕೊಂಡರು ಅನ್ನಿ. ಅದೇ ಗಡ್ಡೆ 62ಕ್ಕೇ ಸ್ಕ್ರೀನಿಂಗಿನಲ್ಲಿ ಸಿಕ್ಕಿ, ಸಾವು 70ಕ್ಕೇ ಬಂದರೂ ಅವರು 'ಐದು ವರ್ಷ ಬದುಕಿದವರ' ಪಟ್ಟಿಗೆ ಸೇರುತ್ತಾರೆ. ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ರೋಗಿ ಎನಿಸಿಕೊಂಡ ಐದು ವರ್ಷ, ಅಷ್ಟೆ. ಲೆಂತ್ ಬಯಾಸ್ ಬೇರೆ: ನಿಧಾನವಾಗಿ ಬೆಳೆಯುವ ಗಡ್ಡೆ ಲಕ್ಷಣವಿಲ್ಲದ ಹಂತದಲ್ಲಿ ವರ್ಷಗಟ್ಟಲೆ ಇರುವುದರಿಂದ ಸ್ಕ್ರೀನಿಂಗಿಗೆ ಹೆಚ್ಚು ಸಿಗುತ್ತದೆ, ವೇಗದ ಗಡ್ಡೆ ಎರಡು ತಪಾಸಣೆಗಳ ನಡುವೆಯೇ ಲಕ್ಷಣ ತೋರಿಸಿಬಿಡುತ್ತದೆ. ಹೀಗಾಗಿ ಸ್ಕ್ರೀನಿಂಗಿನಲ್ಲಿ ಸಿಕ್ಕವರಲ್ಲಿ ಹೇಗೂ ಹೆಚ್ಚು ಕಾಲ ಬದುಕುವವರೇ ಹೆಚ್ಚು.

ನಿಜಕ್ಕೂ ಕಾಡುವುದು ಓವರ್‌ಡಯಾಗ್ನೋಸಿಸ್, ಅಂದರೆ ಜೀವಮಾನದಲ್ಲಿ ತೊಂದರೆಯನ್ನೇ ಕೊಡದ ರೋಗವನ್ನು ಹುಡುಕಿ ತೆಗೆಯುವುದು. ಮೇಲಿನ ಪ್ರಶ್ನೆಯನ್ನೇ ಬಿಡಿಸೋಣ. 200 ರೋಗಿಗಳಲ್ಲಿ 80 ಮಂದಿ ಐದು ವರ್ಷ ಬದುಕಿದರು: ಶೇ. 40. ಸ್ಕ್ರೀನಿಂಗಿನಿಂದ ಇಂಥ ನಿರುಪದ್ರವಿ ಗಡ್ಡೆಯ 400 ಮಂದಿ ಸೇರಿದರು. ಈಗ 600ರಲ್ಲಿ 480: ಶೇ. 80. ಸತ್ತವರು ಆಗಲೂ 120, ಈಗಲೂ 120.

ಇದು ಕಾಗದದ ಲೆಕ್ಕವಷ್ಟೇ ಅಲ್ಲ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಸ್ಕ್ರೀನಿಂಗ್ ಶುರುವಾಯಿತು. ಥೈರಾಯ್ಡ್ ಅದರಲ್ಲಿ ಇರಲಿಲ್ಲ. ಆದರೆ ಅಲ್ಟ್ರಾಸೌಂಡನ್ನು ಸ್ವಲ್ಪ ಹೆಚ್ಚುವರಿ ಹಣಕ್ಕೆ ಜೊತೆಗೇ ಮಾಡಿಕೊಡುತ್ತಿದ್ದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರಿನ ಇನ್ಸಿಡೆನ್ಸ್ (ಹೊಸ ಪ್ರಕರಣಗಳ ದರ) 1993ರದ್ದರ 15 ಪಟ್ಟಾಗಿತ್ತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಮಂದಿಗೆ ಪತ್ತೆಯಾಯಿತು. ಮರಣ ದರ ಮಾತ್ರ ಇದ್ದಲ್ಲೇ ಇತ್ತು. ಹೆಚ್ಚಿದ ಪ್ರಕರಣಗಳು ಬಹುತೇಕ ಪ್ಯಾಪಿಲರಿ ಎಂಬ, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಬಗೆಯವು. 1985ರ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ 101 ಶವಪರೀಕ್ಷೆ ಮಾಡಿದಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದೇಹಗಳಲ್ಲಿ ಇದೇ ಬಗೆಯ ಸಣ್ಣ ಗಡ್ಡೆಗಳು ಕಂಡಿದ್ದವು. ಹುಡುಕಿದರೆ ಸಿಗದೆ ಇನ್ನೇನು!

ಕೊರಿಯಾದಲ್ಲಿ ಪತ್ತೆಯಾದವರಲ್ಲಿ ಬಹುಪಾಲು ಎಲ್ಲರಿಗೂ ಶಸ್ತ್ರಚಿಕಿತ್ಸೆಯಾಯಿತು. ಆದವರಲ್ಲಿ ಸುಮಾರು ಶೇ. 11ರಷ್ಟು ಮಂದಿಗೆ ಹೈಪೋಪ್ಯಾರಾಥೈರಾಯ್ಡಿಸಂ (ಪ್ಯಾರಾಥೈರಾಯ್ಡ್ ಗ್ರಂಥಿಗಳು ಕುಂದಿ ರಕ್ತದ ಕ್ಯಾಲ್ಸಿಯಂ ಇಳಿಯುವ ತೊಂದರೆ), ಶೇ. 2ರಷ್ಟು ಮಂದಿಗೆ ಧ್ವನಿತಂತುವಿನ ಪಾರ್ಶ್ವವಾಯು. 2014ರಲ್ಲಿ ಅಲ್ಲಿನ ವೈದ್ಯರೇ ಬಹಿರಂಗವಾಗಿ ಎಚ್ಚರಿಸಿದ ಮೇಲೆ ವರ್ಷದೊಳಗೆ ಶಸ್ತ್ರಚಿಕಿತ್ಸೆಗಳು ಮೂರನೇ ಒಂದು ಭಾಗದಷ್ಟು ಇಳಿದವು.

ಹಾಗೆಂದು ಸ್ಕ್ರೀನಿಂಗೇ ದಂಡ ಅನ್ನಬೇಡಿ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ 1998ರಲ್ಲಿ ಆರಂಭಿಸಿದ ರ‍್ಯಾಂಡಮೈಸ್ಡ್ ಟ್ರಯಲ್‌ನಲ್ಲಿ (ಯಾರಿಗೆ ಸ್ಕ್ರೀನಿಂಗ್, ಯಾರಿಗೆ ಇಲ್ಲ ಎಂದು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುವ ಪ್ರಯೋಗ) ಸುಮಾರು 1,50,000 ಮಹಿಳೆಯರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಳತೆಯಲ್ಲೇ ಪರೀಕ್ಷಿಸಿದರು. ಎರಡೂ ಗುಂಪುಗಳಲ್ಲಿ ಇನ್ಸಿಡೆನ್ಸ್ ಹೆಚ್ಚುಕಡಿಮೆ ಒಂದೇ. ಗರ್ಭಕೊರಳ ಕ್ಯಾನ್ಸರಿನ ಸಾವು ಸ್ಕ್ರೀನಿಂಗ್ ಗುಂಪಿನಲ್ಲಿ ಶೇ. 31 ಕಡಿಮೆ. ಕೊರಿಯಾದ ಚಿತ್ರಕ್ಕೆ ಪೂರ್ತಿ ತದ್ವಿರುದ್ಧ. ಕರೆದಾಗ ಬಂದವರು, ಬಾರದವರು ಎಲ್ಲರನ್ನೂ ಛೇದದಲ್ಲಿಟ್ಟು ಸಾವನ್ನೇ ಎಣಿಸಿದರೆ ಈ ಮೂರು ಬಯಾಸ್‌ಗಳಿಗೂ ನುಸುಳಲು ಜಾಗವಿಲ್ಲ.

ಆಗಲೂ ಒಂದು ಸಂಗತಿ ಉಳಿಯುತ್ತದೆ, ಪರೀಕ್ಷೆಯಲ್ಲಿ ಇದನ್ನು ಬರೆಯುವವರು ಕಡಿಮೆ: ಸಾವಿನ ಕಾರಣವನ್ನು ನಮೂದಿಸುವವರಿಗೆ ಯಾರು ಯಾವ ಗುಂಪಿನವರೆಂದು ತಿಳಿದಿರಬಾರದು. ತಿಳಿದಿದ್ದರೆ, ಸ್ಕ್ರೀನಿಂಗಿನಲ್ಲಿ ಕ್ಯಾನ್ಸರ್ ಸಿಕ್ಕವರ ಹೃದಯಾಘಾತವೂ ಕ್ಯಾನ್ಸರ್ ಖಾತೆಗೆ ಬೀಳಬಹುದು. ಶಸ್ತ್ರಚಿಕಿತ್ಸೆಯ ತೊಡಕಿನಿಂದಾದ ಸಾವು ಆ ಖಾತೆಯಿಂದ ಜಾರಿಹೋಗಲೂಬಹುದು.